ರಕ್ಷಣೆಗೂ ಒಂದು ಪ್ರವೇಶಪರೀಕ್ಷೆಯೆ?

ನನ್ನ ತಾಯಿ ತೀರಿಕೊಂಡ ಮೂರನೆಯ ದಿನ ಪ್ರಾರ್ಥನೆಗೆಂದು ನಂಟರೆಲ್ಲ ಮನೆಯಲ್ಲಿ ಸೇರಿದ್ದರು. ನಮ್ಮದು ಬಾಸೆಲ್ ಮಿಶನ್ನಿನ ಕಾಲದಿಂದ ಬಂದ ಪ್ರಾಟೆಸ್ಟಂಟ್ ಮನೆತನ. ನನ್ನ ಹೆಂಡತಿಯ ತವರು ಮಂಗಳೂರಿನ ರೋಮನ್ ಕ್ಯಾಥೊಲಿಕ್ ಕುಟುಂಬ. ಪ್ರಾರ್ಥನೆ ಮುಗಿದ ಮೇಲೆ ದಾಯಾದಿ ಅಣ್ಣನ ಮಗ, ಈಚೆಗೆ ಹೊಸದೊಂದು ಪ್ರಾರ್ಥನಾಮಂದಿರದಲ್ಲಿ ಬೋಧಕನಾಗಿರುವವನು, ನನ್ನನ್ನು ಜಗಲಿಯ ಕಡೆಗೆ ಕರೆದು ಮೆಲ್ಲನೆ ಹೇಳಿದ: “ಚಿಕ್ಕಪ್ಪ, ಬೇಸರ ಮಾಡಿಕೊಳ್ಳಬೇಡಿ. ಅಜ್ಜಿಯ ವಿಷಯದಲ್ಲಿ ನಮಗೆ ಚಿಂತೆಯಿಲ್ಲ. ಆದರೆ ಚಿಕ್ಕಮ್ಮನ ತಂದೆಯವರು ಕೊನೆಯ ಗಳಿಗೆಯವರೆಗೂ ಜಪಮಾಲೆಯನ್ನು ಕೈಬಿಡಲಿಲ್ಲವಂತೆ. ಅವರ ರಕ್ಷಣೆ ಸಂದೇಹವೇ. ಚಿಕ್ಕಮ್ಮನಾದರೂ ಎಚ್ಚತ್ತುಕೊಳ್ಳಲಿ.” ಒಳಗೆ ಕಾಫಿಯ ಲೋಟಗಳನ್ನು ಜೋಡಿಸುತ್ತಿದ್ದ ಚಿಕ್ಕಮ್ಮನಿಗೆ ಈ ಮಾತು ಕೇಳಿಸಿತು. ಆಕೆ ಆಗ ಏನೂ ಆಡಲಿಲ್ಲ. ಎಲ್ಲರೂ ಹೋದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಅಪ್ಪ ಎಲ್ಲಿದ್ದಾರೆಂದು ಇವನಿಗೆ ಹೇಳಿದವರು ಯಾರು?”

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ನಮ್ಮ ಮದುವೆಯ ಕಾಲಕ್ಕೆ ಆಕೆಯ ಕಡೆಯ ಹಿರಿಯರೊಬ್ಬರು ನನ್ನ ತಾಯಿಯ ಎದುರಿಗೇ, “ನೀವು ಒಳ್ಳೆಯವರೇ ಅಮ್ಮ, ಆದರೆ ಮೂಲಸಭೆಯ ಹೊರಗೆ ಉಳಿದಿರಿ. ಬರಿಯ ಒಳ್ಳೆಯತನದಿಂದ ದಡ ಸೇರುವುದು ಕಷ್ಟ” ಎಂದಿದ್ದರು. ತಾಯಿ ನಕ್ಕು ಅವರ ಎಲೆಗೆ ಇನ್ನಷ್ಟು ಅನ್ನ ಬಡಿಸಿದ್ದಳು. ಹೀಗೆ ಎರಡು ಕಡೆಯ ತೀರ್ಪನ್ನೂ ಕೇಳಿದವನು ನಾನು. ಅತ್ತಣವರ ಲೆಕ್ಕದಲ್ಲಿ ನನ್ನ ತಾಯಿ ಹೊರಗೆ, ಇತ್ತಣವರ ಲೆಕ್ಕದಲ್ಲಿ ನನ್ನ ಮಾವ ಹೊರಗೆ. ಇಬ್ಬರ ಲೆಕ್ಕವನ್ನೂ ಕೂಡಿಸಿದರೆ ಸ್ವರ್ಗದಲ್ಲಿ ಯಾರೂ ಉಳಿಯುವುದಿಲ್ಲ!

ಕ್ರೈಸ್ತರ ಪಂಗಡಗಳ ನಡುವಣ ಸಿದ್ಧಾಂತಭೇದ ರಕ್ಷಣೆಗೆ ಅಡ್ಡಬರುತ್ತದೆಯೇ ಎಂಬುದು ಇಲ್ಲಿರುವ ಪ್ರಶ್ನೆ. ಬರುವುದಿಲ್ಲವೆಂದು ನಾನು ವಾದಿಸುತ್ತೇನೆ. ಹಾಗೆ ವಾದಿಸುವುದಕ್ಕೆ ನಾನು ನೆಚ್ಚುವುದು ಉದಾರಬುದ್ಧಿಯನ್ನಲ್ಲ, ಆ ಸಿದ್ಧಾಂತಗಳನ್ನೇ. ಕ್ರೈಸ್ತೇತರರ ಮಾತು ಇದಕ್ಕಿಂತ ವಿಸ್ತಾರವಾದದ್ದು. ಅದು ಬೇರೆಯೇ ಲೇಖನಕ್ಕೆ ತಕ್ಕ ವಿಷಯ.

ಮೊದಲು ಭೇದವೇನೆಂಬುದನ್ನು ನೋಡೋಣ. ೧೫೧೭ರಲ್ಲಿ ಜರ್ಮನಿಯ ವಿಟೆನ್‌ಬರ್ಗಿನಲ್ಲಿ ಮಾರ್ಟಿನ್ ಲೂಥರನು ಪಾಪದಂಡನೆಯ ಮಾಫಿಪತ್ರಗಳ ಮಾರಾಟವನ್ನು ಖಂಡಿಸಿ ೯೫ ಸೂತ್ರಗಳನ್ನು ಬರೆದನು. ಅಲ್ಲಿಂದ ಬೆಳೆದ ವಿವಾದದ ತಿರುಳು ಇಷ್ಟು: ಮನುಷ್ಯನು ದೇವರ ಮುಂದೆ ನೀತಿವಂತನೆನಿಸಿಕೊಳ್ಳುವುದು ಹೇಗೆ? ಕೃಪೆಯಿಂದ ಮಾತ್ರವೇ, ನಂಬಿಕೆಯ ಮೂಲಕ ಮಾತ್ರವೇ ಎಂದನು ಲೂಥರ್. ಕೃಪೆಯೇ ಮೊದಲು, ಆದರೆ ಮನುಷ್ಯನು ಆ ಕೃಪೆಗೆ ಒಪ್ಪಿ ಸಹಕರಿಸಬೇಕು, ನಂಬಿಕೆ ಪ್ರೀತಿಯಲ್ಲಿಯೂ ಸತ್ಕ್ರಿಯೆಯಲ್ಲಿಯೂ ಫಲಿಸಬೇಕು ಎಂದಿತು ರೋಮ್. ಟ್ರೆಂಟ್ ಮಹಾಸಭೆ ೧೫೪೭ರಲ್ಲಿ ಎದುರುಪಕ್ಷದ ಮತಗಳಿಗೆ ಒಂದೊಂದಾಗಿ ಶಾಪ ಹಾಕಿತು. ಲೂಥರನೂ ಸುಮ್ಮನಿದ್ದವನಲ್ಲ, ಪೋಪನನ್ನು ಕ್ರಿಸ್ತವಿರೋಧಿಯೆಂದು ೧೫೩೭ರಲ್ಲಿಯೇ ಬರೆದುಬಿಟ್ಟಿದ್ದನು.

ನಮ್ಮ ವಾಚಕರಿಗೆ ಈ ಜಗಳ ಪೂರ್ತಿ ಹೊಸದಾಗಿ ತೋರಲಾರದು. ಶ್ರೀವೈಷ್ಣವರಲ್ಲಿ ವಡಗಲೆ ತೆಂಗಲೆಗಳ ಚರ್ಚೆಯಿದೆಯಷ್ಟೆ. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅಪ್ಪಿ ಹಿಡಿದಿರಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಒಂದು ಮರ್ಕಟಕಿಶೋರ ನ್ಯಾಯ, ಇನ್ನೊಂದು ಮಾರ್ಜಾಲಕಿಶೋರ ನ್ಯಾಯ. ಎರಡು ಮತಗಳ ತತ್ತ್ವ ಒಂದೇ ಎಂದು ನಾನು ಹೇಳುತ್ತಿಲ್ಲ; ಅರ್ಥ ಮಾಡಿಕೊಳ್ಳುವುದಕ್ಕೆ ಹೋಲಿಕೆ ಸಾಕು. ಲೂಥರನದು ಬೆಕ್ಕಿನ ಪಕ್ಷ. ರೋಮಿನದು ಕೋತಿಯ ಕಡೆಗೆ ಒಲೆದ ಪಕ್ಷ.

ಇಲ್ಲಿಯೇ ನನ್ನ ದಾಯಾದಿಯ ಮಗನಿಗೆ ನಾನು ಹಾಕುವ ಪ್ರಶ್ನೆ ಇರುವುದು. ಅವನು ಬೆಕ್ಕಿನ ಪಕ್ಷದವನು. ಮನುಷ್ಯನ ಯಾವ ಸಾಧನೆಯೂ ರಕ್ಷಣೆಗೆ ಕಾರಣವಲ್ಲ, ಎಲ್ಲವೂ ಕೃಪೆ ಎಂದು ಪ್ರತಿ ಭಾನುವಾರವೂ ಸಾರುವವನು. ಒಳ್ಳೆಯದು. ಆದರೆ ತಾಯಿಬೆಕ್ಕು ಮರಿಯನ್ನು ಎತ್ತುವ ಮೊದಲು, “ನಿನಗೆ ಮಾರ್ಜಾಲಕಿಶೋರ ನ್ಯಾಯ ಸರಿಯಾಗಿ ತಿಳಿದಿದೆಯೆ? ತಪ್ಪಿಲ್ಲದೆ ಒಪ್ಪಿಸು ನೋಡೋಣ” ಎಂದು ಕೇಳುತ್ತದೆಯೆ? ಕೃಪೆಯಿಂದ ರಕ್ಷಣೆ ಎನ್ನುವುದು ಬೇರೆ; ಕೃಪೆಯಿಂದ ರಕ್ಷಣೆ ಎಂಬ ಸಿದ್ಧಾಂತವನ್ನು ಸರಿಯಾಗಿ ಹಿಡಿದವನಿಗೆ ಮಾತ್ರ ರಕ್ಷಣೆ ಎನ್ನುವುದು ಬೇರೆ. ಎರಡನೆಯದನ್ನು ಹೇಳುವವನು ಸತ್ಕ್ರಿಯೆಯನ್ನು ಮುಂಬಾಗಿಲಿನಿಂದ ಹೊರಗೆ ಹಾಕಿ, ಸರಿಯಾದ ಅಭಿಪ್ರಾಯವೆಂಬ ಇನ್ನೊಂದು ಕ್ರಿಯೆಯನ್ನು ಹಿತ್ತಿಲಬಾಗಿಲಿನಿಂದ ಒಳಗೆ ತಂದುಕೊಳ್ಳುತ್ತಾನೆ. ನಾನು ಮೇಷ್ಟರ ಕೆಲಸದವನು. ಪರೀಕ್ಷೆಗಳ ಬೆಲೆ ಎಷ್ಟೆಂಬುದು ನನಗೆ ಗೊತ್ತು. ನನ್ನ ಮಾವ ಆ ಜಪಮಾಲೆ ಹಿಡಿದು ಬೇಡುತ್ತಿದ್ದುದಾದರೂ ಕರುಣೆಯನ್ನೇ ಹೊರತು ಕೂಲಿಯನ್ನಲ್ಲ. ಪ್ರತಿ ಸಂಜೆ ಮನೆಮಂದಿಯನ್ನೆಲ್ಲ ಕೂಡಿಸಿ ಕೊಂಕಣಿಯಲ್ಲಿ ತೆರ್ಸ್ ಹೇಳಿಸುತ್ತಿದ್ದ ಆ ಮುದುಕರು ತಾವು ಯಾವ ನ್ಯಾಯದ ಪ್ರಕಾರ ಬೇಡುತ್ತಿದ್ದೇವೆಂದು ಯೋಚಿಸಿದವರಲ್ಲ.

ಇನ್ನು ಮೂಲಸಭೆಯ ಹಿರಿಯರ ಕಡೆಗೆ ತಿರುಗೋಣ. ಸಭೆಯ ಹೊರಗೆ ರಕ್ಷಣೆ ಇಲ್ಲವೆಂಬ ಮಾತಿಗೆ ಅವರು ಮೂರನೆಯ ಶತಮಾನದ ಕಾರ್ಥೇಜಿನ ಬಿಷಪ್ ಸಿಪ್ರಿಯನನನ್ನು ಆಧಾರವಾಗಿ ಕೊಡುತ್ತಾರೆ. ಸಿಪ್ರಿಯನನು ದೊಡ್ಡವನು, ೨೫೮ರಲ್ಲಿ ತನ್ನ ನಂಬಿಕೆಗಾಗಿ ಪ್ರಾಣ ಕೊಟ್ಟವನು. ಆದರೆ ಅವನು ಈ ಮಾತನ್ನು ಯಾವ ವಾದಕ್ಕೆ ಬಳಸಿದನೆಂಬುದನ್ನು ಯಾರೂ ಹೇಳುವುದಿಲ್ಲ. ಬೇರೆ ಪಂಗಡದವರು ಕೊಟ್ಟ ದೀಕ್ಷಾಸ್ನಾನ ಸ್ನಾನವೇ ಅಲ್ಲ, ಅಲ್ಲಿಂದ ಬಂದವರಿಗೆ ಹೊಸದಾಗಿ ಸ್ನಾನ ಮಾಡಿಸಬೇಕು ಎಂಬುದು ಅವನ ವಾದವಾಗಿತ್ತು. ಅದನ್ನು ಎದುರಿಸಿದವನು ಯಾರು? ರೋಮಿನ ಬಿಷಪ್ ಸ್ಟೀಫನ್! ಸ್ನಾನದ ಫಲ ಕೊಡುವವನ ಪಂಗಡದಿಂದ ಬರುವುದಲ್ಲ ಎಂಬ ರೋಮಿನ ಪಕ್ಷವೇ ಮುಂದೆ ಗೆದ್ದಿತು. ೩೧೪ರಲ್ಲಿ ಆರ್ಲ್ ನಗರದ ಸಭೆ, ಪಿತ ಪುತ್ರ ಪವಿತ್ರಾತ್ಮರ ಹೆಸರಿನಲ್ಲಿ ಆದ ಸ್ನಾನವನ್ನು ಮತ್ತೆ ಮಾಡಿಸಕೂಡದೆಂದು ವಿಧಿಸಿತು. ಪ್ರಾಟೆಸ್ಟಂಟರು ದೀಕ್ಷಾಸ್ನಾನವೆಂದರೂ ಕ್ಯಾಥೊಲಿಕರು ಜ್ಞಾನಸ್ನಾನವೆಂದರೂ ನೀರು ಒಂದೇ, ಹೆಸರು ಒಂದೇ. ನನ್ನ ತಾಯಿಯ ಹಣೆಯ ಮೇಲೆ ಬಿದ್ದ ನೀರನ್ನು ರೋಮ್ ತಾನೇ ಸಾಚಾ ಎಂದು ಒಪ್ಪುತ್ತದೆ. ಬಾಗಿಲನ್ನು ಒಪ್ಪಿಕೊಂಡ ಮೇಲೆ ಆ ಬಾಗಿಲಿನಿಂದ ಒಳಗೆ ಬಂದವಳನ್ನು ಹೊರಗಿನವಳೆಂದರೆ ಹೇಗೆ?

ಅದೂ ಹೋಗಲಿ. ಅಮೆರಿಕದ ಬಾಸ್ಟನ್ನಿನಲ್ಲಿ ಲಿಯೊನಾರ್ಡ್ ಫೀನಿ ಎಂಬ ಪಾದ್ರಿಯೊಬ್ಬರು ಆ ಹಳೆಯ ಸೂತ್ರವನ್ನು ಅಕ್ಷರಶಃ ಹಿಡಿದು, ಕ್ಯಾಥೊಲಿಕರಲ್ಲದವರಿಗೆ ರಕ್ಷಣೆಯೇ ಇಲ್ಲವೆಂದು ಬೋಧಿಸಿದರು. ಆ ಅರ್ಥ ತಪ್ಪೆಂದು ರೋಮಿನ ಅಧಿಕಾರಪೀಠವೇ ೧೯೪೯ರಲ್ಲಿ ಪತ್ರ ಬರೆಯಿತು. ಆಜ್ಞೆಗೆ ಮಣಿಯದೆ ಹೋದುದಕ್ಕಾಗಿ ೧೯೫೩ರಲ್ಲಿ ಅವರನ್ನು ಬಹಿಷ್ಕರಿಸಿತು. ಸಭೆಯ ಹೊರಗೆ ಯಾರಿಗೂ ಉಳಿವಿಲ್ಲವೆಂದವರು ತಾವೇ ಸಭೆಯ ಹೊರಗೆ ನಿಲ್ಲಬೇಕಾಯಿತು! ಆಮೇಲೆ ೧೯೭೨ರಲ್ಲಿ ಅವರನ್ನು ಮತ್ತೆ ಸೇರಿಸಿಕೊಂಡರು. ೧೯೬೪ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ಬೇರ್ಪಟ್ಟ ಸಭೆಗಳನ್ನೂ ಪವಿತ್ರಾತ್ಮನು ರಕ್ಷಣೆಯ ಸಾಧನಗಳಾಗಿ ಬಳಸುತ್ತಾನೆಂದು ಸಾರಿತು. ನಿಜ, ಕ್ಯಾಥೊಲಿಕ್ ಸಭೆ ದೇವಸ್ಥಾಪಿತವಾದ ಅಗತ್ಯವೆಂದು ತಿಳಿದೂ ತಿರಸ್ಕರಿಸಿದವನಿಗೆ ರಕ್ಷಣೆಯಿಲ್ಲವೆಂಬ ಮಾತನ್ನು ಅದೇ ಮಹಾಸಭೆ ಉಳಿಸಿಕೊಂಡಿದೆ. ಆದರೆ ತಿಳಿದೂ ತಿರಸ್ಕರಿಸಿದವರಾರು ಎಂದು ಎದೆ ಬಗೆದು ನೋಡಬಲ್ಲವರು ಮದುವೆಯ ಊಟದ ಪಂಕ್ತಿಯಲ್ಲಿ ಕುಳಿತಿರುವುದಿಲ್ಲ.

ಇಷ್ಟು ಹೇಳಿದರೆ ನನ್ನ ಕೆಲವು ಸ್ನೇಹಿತರು ಸಂತೋಷದಿಂದ, “ನಾವು ಹೇಳುವುದೂ ಅದನ್ನೇ. ಎಲ್ಲ ಒಂದೇ. ಈ ಕೂದಲು ಸೀಳುವ ಕೆಲಸ ಪಾದ್ರಿಗಳಿಗೆ ಬೇಕು, ನಮಗೇಕೆ?” ಎನ್ನುತ್ತಾರೆ. ಕ್ಷಮಿಸಬೇಕು, ಇವರ ಪಕ್ಷವೂ ನನ್ನದಲ್ಲ. ಸಿದ್ಧಾಂತ ಕೂದಲಲ್ಲ. ದುಡ್ಡು ಕೊಟ್ಟರೆ ಸತ್ತವರ ಯಾತನೆ ಕಳೆಯುತ್ತದೆಂಬ ಬೋಧನೆ ಬಡವರ ಗಂಟನ್ನು ಕರಗಿಸಿತು. ಅದನ್ನು ಲೂಥರನು ಖಂಡಿಸಿದ್ದು ಸರಿಯೇ. ಪ್ರೀತಿಯಿಲ್ಲದ ನಂಬಿಕೆ ಸತ್ತದ್ದೆಂದು ರೋಮ್ ಒತ್ತಿ ಹೇಳಿದ್ದೂ ಸರಿಯೇ. ಇಂದು ನಮ್ಮ ನಗರಗಳಲ್ಲಿಯೇ, ನಂಬಿಕೆ ಬಲವಾಗಿದ್ದರೆ ರೋಗ ವಾಸಿಯಾಗುತ್ತದೆ, ಸಂಪತ್ತು ಕೂಡುತ್ತದೆ ಎಂದು ಬೋಧಿಸುವವರಿದ್ದಾರೆ. ಮಗುವನ್ನು ಕಳೆದುಕೊಂಡ ತಾಯಿಗೆ ಆ ಬೋಧನೆ ಮಾಡುವ ಗಾಯವೇನು? ನಿನ್ನ ನಂಬಿಕೆ ಸಾಲದೆಹೋಯಿತು ಎಂದಲ್ಲವೆ? ತಪ್ಪು ಸಿದ್ಧಾಂತ ಬದುಕನ್ನು ಕೆಡಿಸುತ್ತದೆ, ದೇವರ ಮುಖವನ್ನು ವಿಕಾರ ಮಾಡಿ ತೋರಿಸುತ್ತದೆ. ಆದಕಾರಣ ಅದನ್ನು ತರ್ಕಿಸಬೇಕು, ತಿದ್ದಬೇಕು, ಬೇಕಾದರೆ ಜಗಳವಾಡಬೇಕು. ಜಗಳದಲ್ಲಿ ಸೋತವನನ್ನು ನರಕಕ್ಕೆ ಕಳುಹಿಸುವ ಅಧಿಕಾರ ಮಾತ್ರ ಗೆದ್ದವನಿಗಿಲ್ಲ.

ಈ ವಿವೇಕವನ್ನು ಯೇಸುವಿನ ಕಥೆಗಳಲ್ಲಿಯೇ ಕಾಣಬಹುದು. ಸಮಾರ್ಯದವರು ಯೆಹೂದ್ಯರ ದೃಷ್ಟಿಯಲ್ಲಿ ಮತಭ್ರಷ್ಟರು. ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಮಾತನಾಡುವಾಗ ಯೇಸು ಎಲ್ಲ ಒಂದೇ ಎನ್ನಲಿಲ್ಲ. ನಿಮ್ಮವರು ಅರಿಯದುದನ್ನು ಆರಾಧಿಸುತ್ತೀರಿ ಎಂಬ ಅರ್ಥದ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದನು. ಆದರೆ ನಿತ್ಯಜೀವಕ್ಕೆ ದಾರಿ ಯಾವುದೆಂದು ಧರ್ಮಪಂಡಿತನೊಬ್ಬನು ಕೇಳಿದಾಗ ಅವನು ಕಥೆಯಲ್ಲಿ ಮಾದರಿಯಾಗಿ ನಿಲ್ಲಿಸಿದ್ದು ಯಾಜಕನನ್ನಲ್ಲ, ಲೇವಿಯನನ್ನಲ್ಲ. ಗಾಯಗೊಂಡವನನ್ನು ತನ್ನ ಕತ್ತೆಯ ಮೇಲೆ ಹೇರಿಕೊಂಡು ಹೋದ ಅದೇ ಸಮಾರ್ಯದವನನ್ನು. ಕಡೆಯ ತೀರ್ಪಿನ ದಿನ ಕೇಳುವ ಪ್ರಶ್ನೆಗಳನ್ನೂ ಅವನು ಮೊದಲೇ ಬಯಲು ಮಾಡಿದ್ದಾನೆ. ಅವು ಹಸಿದವನ ಅನ್ನ, ಬಾಯಾರಿದವನ ನೀರು, ಬೆತ್ತಲೆಯವನ ಬಟ್ಟೆ, ಸೆರೆಯಲ್ಲಿರುವವನ ಭೇಟಿ ಇವುಗಳನ್ನು ಕುರಿತವು. ಪ್ರಶ್ನಪತ್ರಿಕೆ ಬಯಲಾದ ಮೇಲೂ ಬೇರೆ ಪಾಠವನ್ನು ಉರುಹಚ್ಚುವ ವಿದ್ಯಾರ್ಥಿಗಳನ್ನು ನಾನು ಕಂಡಿಲ್ಲ!

ಪೌಲನ ಮಾತನ್ನು ಎತ್ತಿ ಆಕ್ಷೇಪಿಸುವವರಿದ್ದಾರೆ. ಬೇರೆ ಸುವಾರ್ತೆ ಸಾರುವವನು ಶಾಪಗ್ರಸ್ತನೆಂದು ಗಲಾತ್ಯದವರಿಗೆ ಅವನು ಬರೆಯಲಿಲ್ಲವೆ? ಬರೆದನು. ಇದು ಎದುರುಪಕ್ಷದ ಗಟ್ಟಿ ವಾದ, ತಳ್ಳಿಹಾಕುವಂಥದಲ್ಲ. ಆದರೆ ಅವನ ಸಿಟ್ಟು ಯಾರ ಮೇಲೆ? ಕ್ರಿಸ್ತನಲ್ಲಿ ನಂಬಿಕೆಯಿಟ್ಟರೆ ಸಾಲದು, ಸುನ್ನತಿಯ ಗುರುತೂ ಇರಬೇಕು ಎಂದು ಕೃಪೆಗೆ ಕರಾರು ಹಾಕಿದವರ ಮೇಲೆ. ಸುನ್ನತಿಯ ಜಾಗದಲ್ಲಿ ಪಂಗಡದ ಹೆಸರನ್ನಿಟ್ಟು ಆ ಪತ್ರವನ್ನು ಇನ್ನೊಮ್ಮೆ ಓದಿ ನೋಡಿ. ಶಾಪ ಯಾರ ತಲೆಯ ಮೇಲೆ ಬೀಳುತ್ತದೆಂಬುದು ತಿಳಿಯುತ್ತದೆ.

ಭೇದವನ್ನು ಒಪ್ಪಿಕೊಂಡೂ ಕೂಡಿ ಬಾಳಬಹುದೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. ೧೫೨೯ರಲ್ಲಿ ಮಾರ್ಬರ್ಗಿನಲ್ಲಿ ಲೂಥರ್ ಮತ್ತು ಜ್ವಿಂಗ್ಲಿ ಕುಳಿತು ಹದಿನೈದರಲ್ಲಿ ಹದಿನಾಲ್ಕು ವಿಷಯಗಳನ್ನು ಒಪ್ಪಿದರು; ಪ್ರಭುಭೋಜನದ ರೊಟ್ಟಿಯಲ್ಲಿ ಕ್ರಿಸ್ತನು ಯಾವ ಬಗೆಯಲ್ಲಿದ್ದಾನೆಂಬ ಒಂದರ ಮೇಲೆ ಒಡೆದು ಹೋದರು. ಆದರೆ ೧೮೧೫ರಲ್ಲಿ ಹುಟ್ಟಿ ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನಲ್ಲಿ ಲೂಥರನ ಕಡೆಯವರೂ ಜ್ವಿಂಗ್ಲಿಯ ಕಡೆಯವರೂ ಕೂಡಿಯೇ ದುಡಿದರು. ನಾವು ಇಂದಿಗೂ ಮುಟ್ಟುವ ೧೮೯೪ರ ಕಿಟ್ಟೆಲ್ ನಿಘಂಟು ಆ ಕೂಡುದುಡಿಮೆಯ ಮಡಿಲಿನಲ್ಲಿ ಬೆಳೆದದ್ದು. ೧೯೪೭ರ ಸೆಪ್ಟೆಂಬರ್ ೨೭ರಂದು ಮದರಾಸಿನಲ್ಲಿ, ಬಿಷಪ್ಪರು ಬೇಕೆಂಬ ಆಂಗ್ಲಿಕನರೂ ಬೇಡವೆಂದಿದ್ದ ಕಾಂಗ್ರಿಗೇಶನಲ್ ಮತ್ತು ಪ್ರೆಸ್ಬಿಟೀರಿಯನ್ ಪರಂಪರೆಯವರೂ ಮೆಥಡಿಸ್ಟರೂ ಸೇರಿ ದಕ್ಷಿಣ ಭಾರತ ಸಭೆಯಾದರು. ೧೯೯೯ರ ಅಕ್ಟೋಬರ್ ೩೧ರಂದು ಆಗ್ಸ್‌ಬರ್ಗಿನಲ್ಲಿ ರೋಮಿನವರೂ ಜಾಗತಿಕ ಲೂಥರನ್ ಒಕ್ಕೂಟದವರೂ ಒಂದೇ ಹೇಳಿಕೆಗೆ ಸಹಿ ಹಾಕಿ, ನೀತಿವಂತಿಕೆಯ ವಿಷಯದಲ್ಲಿ ಹದಿನಾರನೆಯ ಶತಮಾನದ ಪರಸ್ಪರ ಖಂಡನೆಗಳು ಈ ಹೇಳಿಕೆಯಲ್ಲಿ ವಿವರಿಸಿರುವ ಎದುರುಪಕ್ಷದ ಬೋಧನೆಗೆ ತಗಲುವುದಿಲ್ಲ ಎಂದರು. ಜರ್ಮನಿಯ ನೂರಕ್ಕೂ ಹೆಚ್ಚು ಪ್ರಾಟೆಸ್ಟಂಟ್ ಪ್ರಾಧ್ಯಾಪಕರು ಇದನ್ನು ವಿರೋಧಿಸಿದ್ದರು. ಭೇದಗಳು ಪೂರ್ತಿ ಅಳಿದಿಲ್ಲ. ಆದರೂ ೨೦೦೬ರಲ್ಲಿ ಮೆಥಡಿಸ್ಟರೂ ೨೦೧೭ರಲ್ಲಿ ರಿಫಾರ್ಮ್ಡ್ ಸಭೆಗಳವರೂ ಅದಕ್ಕೆ ಕೂಡಿಕೊಂಡರು.

ಈ ಶಾಪಗಳು ಹೊರಟ ಕಾಲದಿಂದ ಅವನ್ನು ಮಡಿಸಿ ಇಟ್ಟ ಕಾಲಕ್ಕೆ ನಾಲ್ಕೂವರೆ ಶತಮಾನ. ನಡುವೆ ೧೬೧೮ರಿಂದ ೧೬೪೮ರವರೆಗಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಜರ್ಮನಿಯ ಊರೂರೇ ಹಾಳಾದವು. ಆ ಯುದ್ಧಕ್ಕೆ ರಾಜಕಾರಣವೂ ಕಾರಣವೆಂಬುದು ನಿಜ. ಎದುರಾಳಿ ನರಕಕ್ಕೆ ಹೋಗುವವನೇ ಎಂಬ ನಿಶ್ಚಯ ಕತ್ತಿಯನ್ನು ಹಗುರ ಮಾಡಿತೆಂಬುದೂ ನಿಜ. ಪಂಡಿತರು ಕುಳಿತು ಸಹಿ ಹಾಕಿದ ಸುದ್ದಿ ನಮ್ಮ ಜಗಲಿಗಳಿಗೆ ಮಾತ್ರ ಇನ್ನೂ ಬಂದು ಮುಟ್ಟಿಲ್ಲ.

ನನ್ನ ದಾಯಾದಿಯ ಮಗ ದುಷ್ಟನಲ್ಲ. ತಾಯಿಯ ಕಾಯಿಲೆಯಲ್ಲಿ ಎರಡು ರಾತ್ರಿ ಆಸ್ಪತ್ರೆಯಲ್ಲಿ ಎಚ್ಚರವಾಗಿದ್ದವನು ಅವನೇ. ಅವನ ಸಿದ್ಧಾಂತಕ್ಕಿಂತ ಆ ಎರಡು ರಾತ್ರಿಗಳು ಅವನ ಪರವಾಗಿ ಹೆಚ್ಚು ಗಟ್ಟಿಯಾಗಿ ಸಾಕ್ಷಿ ಹೇಳುತ್ತವೆಂದು ನನ್ನ ನಂಬಿಕೆ. ಮುಂದಿನ ಸಲ ಬಂದಾಗ ಮರಿಯಮ್ಮನ ವಿಷಯವಾಗಿಯೂ ಪೋಪರ ವಿಷಯವಾಗಿಯೂ ಅವನೊಡನೆ ಸಾವಕಾಶವಾಗಿ ವಾದಿಸಲು ನಾನು ಸಿದ್ಧನಿದ್ದೇನೆ. ಅವನ ಕೆಲವು ಮಾತುಗಳನ್ನು ಒಪ್ಪಲೂಬಹುದು. ಆದರೆ ಮೊದಲು ಅವನು ಅಡಿಗೆಮನೆಗೆ ಹೋಗಿ, ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಹೇಳಿ ಬರಬೇಕು.