‘ಹಚ್ಚು’ ಎಂಬ ಮಾತು

ಇಂಗ್ಲಿಷಿನ ‘ಕಿಂಡಲ್’ ಎಂಬ ಕ್ರಿಯಾಪದಕ್ಕೆ — ನಮ್ಮ ಪರಿಹಾಸ್ಯದ ಕಿಂಡಲಲ್ಲ — ಬೆಂಕಿ ಹೊತ್ತಿಸುವುದು ವಾಚ್ಯಾರ್ಥ. ಆಸಕ್ತಿಯನ್ನು ಕೆರಳಿಸುವುದು ಲಕ್ಷ್ಯಾರ್ಥ. ನನ್ನ ವಿದ್ಯಾರ್ಥಿಗಳು ಅದನ್ನು ತಪ್ಪದೆ ‘ಪ್ರಜ್ವಲಿಸು’ ಎಂದು ಅನುವಾದಿಸುತ್ತಾರೆ. ಪ್ರಜ್ವಲಿಸುವುದೆಂದರೆ ತಾನೇ ಉರಿಯುವುದು. ಕಿಡಿ ತಾಗಿಸುವ ಕೈ ಅಲ್ಲಿಲ್ಲ.

ಕುಷ್ಟಗಿ, ಯಲಬುರ್ಗಾ ಕಡೆಯ ಅವರ ಮನೆಗಳಲ್ಲಾದರೋ ತಾಯಿ ಒಲೆ ಹಚ್ಚುತ್ತಾಳೆ, ದೀಪ ಹಚ್ಚುತ್ತಾಳೆ, ಮಗನನ್ನು ಸಾಲಿಗೆ ಹಚ್ಚುತ್ತಾಳೆ. ಕೂಸು ಅಜ್ಜಿಯನ್ನು ಹಚ್ಚಿಕೊಳ್ಳುತ್ತದೆ. ಚಾಡಿಕೋರನು ಎರಡು ಮನೆಗಳ ನಡುವೆ ಬೆಂಕಿ ಹಚ್ಚುತ್ತಾನೆ. ಹಚ್ಚುವುದೆಂದರೆ ತಾಗಿಸುವುದು, ಬತ್ತಿಗೆ ಕಿಡಿಯನ್ನು ತಾಗಿಸಿದಂತೆಯೇ ಮಗುವನ್ನು ಅಕ್ಷರಕ್ಕೆ.

ಇದನ್ನೇಕೆ ಬರೆಯಲಿಲ್ಲವೆಂದರೆ, “ಅದು ಹಳ್ಳಿ ಮಾತು ಬಿಡ್ರಿ ಸರ್” ಎನ್ನುತ್ತಾರೆ. 9ನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನೆಲೆಗಳಲ್ಲಿ ಎಣಿಸಿದ ಕೊಪಣವೇ ನಮ್ಮ ಕೊಪ್ಪಳ. ಇಲ್ಲಿನ ಮಾತಿಗೆ ಉತ್ತರಪತ್ರಿಕೆಯಲ್ಲಿ ಸ್ಥಳವಿಲ್ಲವೆಂದು ಅವರಿಗೆ ಕಲಿಸಿದವರು ಅಧ್ಯಾಪಕರಾದ ನಾವೇ. ನಾನಂತೂ ಈ ವರ್ಷದಿಂದ ‘ಹಚ್ಚು’ ಎಂದು ಬರೆದವರಿಗೆ ಪೂರ್ಣಾಂಕ ಕೊಡುತ್ತಿದ್ದೇನೆ.