ಹೆಂಗಸಿನ ಪಗಾರ ಯಾರೂ ಕೇಳುವುದಿಲ್ಲ

ಹೆಂಗಸರ ವಯಸ್ಸು, ಗಂಡಸರ ಸಂಬಳ ಕೇಳಬಾರದು ಅಂತ ನಮ್ಮ ಹಿರಿಯರು ಹೇಳ್ತಾರೆ. ಹೆಂಗಸಿನ ಸಂಬಳದ ಸುದ್ದಿಯೇ ಅದರಲ್ಲಿಲ್ಲ, ಗಮನಿಸಿದ್ದೀರಾ? ಮಾಲೀಕರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು! ಯಾರೂ ಕೇಳದ ಪಗಾರವನ್ನು ಎಷ್ಟು ಬೇಕಾದರೂ ಇಳಿಸಬಹುದು.

ನಮ್ಮಲ್ಲಿ ಬಹಳ ಜನ ಬೆಳಿಗ್ಗೆ ಕಾಲೇಜು, ಆಮೇಲೆ ಆಫೀಸು ಅಂತ ಓಡುವವರು. ಆದ್ದರಿಂದ ಇದು ನಮ್ಮದೇ ಮಾತು. ಗಂಡಿಗೊಂದು, ಹೆಣ್ಣಿಗೊಂದು ಪಗಾರ ಕಾನೂನಿಗೆ ವಿರುದ್ಧ ಎಂದು ಮಾಲೀಕರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಅವರು ಹುದ್ದೆಯ ಹೆಸರು ಬದಲಾಯಿಸುತ್ತಾರೆ. (ಕನ್ನಡ ಶಾಲೆಯಲ್ಲಿ ಕಲಿತ ನನಗೆ 'ಡೆಸಿಗ್ನೇಶನ್' ಎಂಬ ಪದದ ಮಹಿಮೆ ತಿಳಿದದ್ದೇ ಕೆಲಸಕ್ಕೆ ಸೇರಿದ ಮೇಲೆ.)

ಇದಕ್ಕೆ ನಮ್ಮ ಮುಂಬಯಿಯದೇ ಒಂದು ಕೇಸಿದೆ. ಮ್ಯಾಕಿನನ್ ಮೆಕೆಂಜಿ ಕಂಪನಿಯಲ್ಲಿ ಆಡ್ರಿ ಡಿಕೋಸ್ಟ ಎಂಬವರು 'ಕಾನ್ಫಿಡೆನ್ಶಿಯಲ್ ಲೇಡಿ ಸ್ಟೆನೋಗ್ರಾಫರ್' ಆಗಿದ್ದರು. ಗಂಡಸರು ಬರೀ ಸ್ಟೆನೋಗ್ರಾಫರ್. ಕೆಲಸ ಒಂದೇ. ಹೆಸರಿನಲ್ಲಿ ಎರಡು ಪದ ಹೆಚ್ಚು, ಪಗಾರ ಮಾತ್ರ ಕಡಿಮೆ! 1977ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಅವರು 1976ರ ಸಮಾನ ವೇತನ ಕಾನೂನು ಹಿಡಿದು ಹೋರಾಡಿದರು. ಯೂನಿಯನ್ ಜೊತೆ 1975ರಲ್ಲೇ ಒಪ್ಪಂದ ಆಗಿದೆ ಎಂದಿತು ಕಂಪನಿ. ನಮ್ಮ ಹಣಕಾಸು ಸರಿಯಿಲ್ಲ ಎಂದೂ ಹೇಳಿತು. (ಯೂನಿಯನ್ನೇ ಒಪ್ಪಿತ್ತಲ್ಲ, ನನಗೆ ಹೆಚ್ಚು ಬೇಸರ ಅದರದ್ದು.) 1987ರಲ್ಲಿ ಸುಪ್ರೀಂ ಕೋರ್ಟು ಈ ಎರಡು ನೆಪಗಳನ್ನೂ ತಳ್ಳಿಹಾಕಿತು. ತೀರ್ಪು ಬರೆದವರು ನಮ್ಮ ಕನ್ನಡದವರೇ, ಇ. ಎಸ್. ವೆಂಕಟರಾಮಯ್ಯನವರು, 1989ರಲ್ಲಿ ಮುಖ್ಯ ನ್ಯಾಯಮೂರ್ತಿಗಳಾದರು. ನಿಜವಾಗಿ ಮಾಡುವ ಕೆಲಸ ನೋಡಿ, ಸಣ್ಣಪುಟ್ಟ ವ್ಯತ್ಯಾಸ ಹಿಡಿದು ಜಗ್ಗಬೇಡಿ ಎಂಬುದು ಅದರ ಸಾರ. 2019ರ ವೇತನ ಸಂಹಿತೆಯಲ್ಲೂ ಆ ತತ್ವ ಇದೆ.

ನಾನು ಹೋಗುವ ಆಫೀಸಿನ ಹೆಸರು ಬೇಡ. ಅಲ್ಲಿ ಇಬ್ಬರು ಹುಡುಗರು 'ಅಕೌಂಟ್ಸ್ ಅಸಿಸ್ಟೆಂಟ್', ನಾವು ಮೂವರು ಹುಡುಗಿಯರು 'ಆಫೀಸ್ ಅಸಿಸ್ಟೆಂಟ್'. ಬರೆಯುವುದು ಅದೇ ವೋಚರು, ನೋಡುವುದು ಅದೇ ಜಿಎಸ್‌ಟಿ ಬಿಲ್ಲು. ತಿಂಗಳಿಗೆ ಎರಡು ಸಾವಿರ ವ್ಯತ್ಯಾಸ. ಕೇಳಿದರೆ ಮ್ಯಾನೇಜರು, "ಅವರು ಮನೆ ನಡೆಸಬೇಕಲ್ಲಮ್ಮ" ಅಂದರು. ನಮ್ಮ ಮನೆ ಬಾಡಿಗೆ, ಅಪ್ಪನ ಔಷಧಿ ಯಾರ ಪಗಾರದಿಂದ ಹೋಗ್ತದೆ ಅಂತ ಅವರು ಕೇಳಲಿಲ್ಲ. ಕೇಳಬೇಕಾಗಿಯೂ ಇಲ್ಲ! ಪಗಾರ ಕೊಡುವುದು ಕೆಲಸಕ್ಕೋ, ಮನೆಯ ಕಷ್ಟಕ್ಕೋ? ಸಂಬಳದ ಖಾತೆಯಲ್ಲಿ 'ದಾನಧರ್ಮ' ಅಂತ ಬರೆದರೆ ಆಡಿಟರು ಬಿಡುತ್ತಾರೆಯೇ?

ಕೇಳಿದರೆ ತೆಗೆದುಹಾಕಿದರೆ ಏನು ಗತಿ ಎನ್ನುತ್ತಾರೆ ಗೆಳತಿಯರು. ಭಯ ಸುಳ್ಳಲ್ಲ. ಒಬ್ಬಳೇ ಕೇಳಿದರೆ ಇನ್ನೂ ಹೆಚ್ಚು. ಅದಕ್ಕೇ ಮೊದಲು ಪಗಾರ ಎಷ್ಟೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು, ಹುಡುಗರೂ ಹೇಳಬೇಕು. ನಮ್ಮಲ್ಲಿ ಒಬ್ಬ ಬಾಯಿಬಿಟ್ಟದ್ದರಿಂದಲೇ ವಿಷಯ ಹೊರಬಂತು. ಆಮೇಲೆ ಯಾರು ಏನೇನು ಕೆಲಸ ಮಾಡ್ತೇವೆ ಅಂತ ನಾವು ಮೂವರು ಹದಿನೈದು ದಿನ ಬರೆದಿಟ್ಟೆವು. ಅದನ್ನು ಅರ್ಜಿಗೆ ಜೋಡಿಸಿ, ಸಹಿ ಹಾಕಿ, ಕಳೆದ ವಾರ ಕೊಟ್ಟಿದ್ದೇವೆ. ನಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡಿದ್ದೇವೆ. ಹುಡುಗರಲ್ಲಿ ಒಬ್ಬ ತಾನೂ ಸಹಿ ಹಾಕಿದ. ಇನ್ನೊಬ್ಬ "ಪರೀಕ್ಷೆ ಮುಗೀಲಿ, ನೋಡುವಾ" ಅಂದ. ಆಫೀಸಿನಿಂದ ಉತ್ತರ ಇನ್ನೂ ಬಂದಿಲ್ಲ.