ದೀಪದಲ್ಲಿ ನೆಟ್ಟಂತೆ, ಬಿಲ್ಲು ಯಾರ ತಲೆಗೆ?

ಗಲ್ಲಾಪೆಟ್ಟಿಗೆ ಮೇಲೆ ಉರಿಯುವ ಎಲ್‌ಇಡಿ ದೀಪವೇ ಇನ್ನು ಮುಂದೆ ಇಂಟರ್‌ನೆಟ್ಟನ್ನೂ ಕೊಡುತ್ತದಂತೆ! ಹೆಸರು ಲೈ-ಫೈ. ‘ಹಸಿರು ತಂತ್ರಜ್ಞಾನ’ ಎಂಬ ಬಿರುದು ಬೇರೆ. ಬಿರುದು ಕೇಳಿ ತಲೆದೂಗುವ ಮುಂಚೆ ವರ್ತಕರು ತಮ್ಮ ಮೀಟರಿನ ಕಡೆ ಒಮ್ಮೆ ಕಣ್ಣು ಹಾಯಿಸುವುದು ಒಳ್ಳೆಯದು.

ಸಂಗತಿ ಸುಳ್ಳೇನಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರೊಫೆಸರ್ ಹರಾಲ್ಡ್ ಹಾಸ್ 2011ರಲ್ಲಿ ತುಂಬಿದ ಸಭೆಯಲ್ಲಿ ಮೇಜಿನ ದೀಪದ ಬೆಳಕಿನಿಂದಲೇ ವಿಡಿಯೋ ಕಳಿಸಿ ತೋರಿಸಿದರು. ನಡುವೆ ಕೈ ಅಡ್ಡ ಹಿಡಿದರೆ ಚಿತ್ರ ಬಂದ್! ಎಲ್‌ಇಡಿ ದೀಪದ ಬೆಳಕನ್ನು ಕಣ್ಣಿಗೆ ಕಾಣದ ವೇಗದಲ್ಲಿ ಏರಿಳಿಸಬಹುದು. ಆ ಏರಿಳಿತವೇ ಅಕ್ಷರ, ಅದೇ ಚಿತ್ರ, ಅದೇ ಮಾತು. ಹಳೇ ಬುರುಡೆ ಬಲ್ಬಿಗೆ ಇದು ಸಾಧ್ಯವಿಲ್ಲ. ಅದರ ತಂತಿ ಕಾದು ತಣಿಯುವುದಕ್ಕೇ ಹೊತ್ತು ಬೇಕು.

ಇದು ಹಸಿರು ಎನ್ನುವವರ ವಾದ ಸರಳ. ಹೇಗಿದ್ದರೂ ಉರಿಯುವ ದೀಪಕ್ಕೆ ಇನ್ನೊಂದು ಕೆಲಸ ಹಚ್ಚಿದರೆ ಬೇರೆ ಪೆಟ್ಟಿಗೆಯ ಕರೆಂಟು ಉಳಿಯುತ್ತದೆ. ಸರಿ, ಒಪ್ಪೋಣ. ಆದರೆ ‘ಹೇಗಿದ್ದರೂ ಉರಿಯುವ’ ಎಂಬ ಮಾತಿನಲ್ಲೇ ಗುಟ್ಟಿದೆ.

ಮಟಮಟ ಮಧ್ಯಾಹ್ನ, ಬಿಸಿಲು ಅಂಗಡಿಯೊಳಗೇ ಬಂದು ಕೂತಿರುವಾಗ, ನೆಟ್ಟಿಗೋಸ್ಕರ ದೀಪ ಹಚ್ಚಿದರೆ? 20 ವ್ಯಾಟಿನ ಟ್ಯೂಬು ದಿನಕ್ಕೆ 10 ತಾಸು ಉರಿದರೆ ತಿಂಗಳಿಗೆ 6 ಯೂನಿಟ್. ವೈ-ಫೈ ಪೆಟ್ಟಿಗೆಗೆ 10 ವ್ಯಾಟ್ ಎಂದೇ ಹಿಡಿಯಿರಿ. ಅಷ್ಟೇ ಹೊತ್ತಿಗೆ 3 ಯೂನಿಟ್. ಹಸಿರಿನ ಹೆಸರಲ್ಲಿ ಖರ್ಚು ಇಮ್ಮಡಿ! ದೀಪ ಮಂದ ಮಾಡಿದರೂ ನಡೆಯುತ್ತೆ ಅನ್ನುವವರಿದ್ದಾರೆ. ನಡೆದೀತು, ವೇಗವೂ ಮಂದವಾದೀತು. 2023ರಲ್ಲಿ ಬಂದ ಗೃಹಜ್ಯೋತಿ ಮನೆಗಳಿಗೆ ಮಾತ್ರ. ಅಂಗಡಿಯವನಿಗೆ ಮೀಟರು ಓಡಿದಷ್ಟೂ ಬಿಲ್ಲು.

ಇನ್ನೊಂದು ಮಾತು. ಬೆಳಕಿನ ನೆಟ್ಟಿಗೆ ಅಂತರರಾಷ್ಟ್ರೀಯ ಮಾನದಂಡ ಬಂದದ್ದೂ 2023ರಲ್ಲೇ. ಅದು ಆರಿಸಿಕೊಂಡದ್ದು ಕೋಣೆ ಬೆಳಗುವ ಬೆಳಕನ್ನಲ್ಲ. ಟಿವಿ ರಿಮೋಟಿನಲ್ಲಿ ಇರುವಂಥ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು. ಹಗಲಲ್ಲಿ ದೀಪ ಹಚ್ಚುವ ಕಾಟ ತಪ್ಪಿತು, ನಿಜ. ಆದರೆ ಒಂದೇ ದೀಪಕ್ಕೆ ಎರಡು ಕೆಲಸ ಎಂಬ ಹಸಿರು ಲೆಕ್ಕ ಅಲ್ಲಿಗೆ ಉಳಿಯಿತೇ?

ಬಸ್‌ಸ್ಟ್ಯಾಂಡಿನ ಪಾಡು ಬೇರೆಯೇ. ಬೆಳಕು ಗೋಡೆ ದಾಟುವುದಿಲ್ಲ, ಜೇಬಿನೊಳಗೂ ಇಳಿಯುವುದಿಲ್ಲ. ಪ್ರಯಾಣಿಕ ಫೋನನ್ನು ಜೇಬಿಗಿಳಿಸಿ ಬಸ್ ಹತ್ತಲು ಓಡಿದರೆ ಸಂಪರ್ಕ ಕಟ್. ಜನರ ಕೈಯಲ್ಲಿರುವ ಮಾಮೂಲಿ ಫೋನುಗಳಿಗೆ ಈ ಬೆಳಕು ಓದುವ ಶಕ್ತಿಯೂ ಇಲ್ಲ. ಬೇರೆ ಉಪಕರಣ ಚುಚ್ಚಬೇಕು.

ಹಾಗಾದರೆ ಲೈ-ಫೈ ಬೇಡವೇ? ಬೇಕಾದ ಕಡೆ ಬೇಕು. ಹಗಲೂ ದೀಪ ಆರದ ನೆಲಮಾಳಿಗೆಯ ಅಂಗಡಿಸಾಲು, ಗುಟ್ಟು ಗೋಡೆಯಾಚೆ ಹೋಗಬಾರದ ಕಚೇರಿ, ರೇಡಿಯೋ ಅಲೆ ಸಲ್ಲದ ಜಾಗ: ಅಲ್ಲಿ ಇದು ಸೈ.

ನಿಜವಾದ ಹಸಿರು ಇರುವುದು ದೀಪದಲ್ಲೇ. 60 ವ್ಯಾಟಿನ ಬುರುಡೆ ತೆಗೆದು 9 ವ್ಯಾಟಿನ ಎಲ್‌ಇಡಿ ಹಾಕಿ ದಿನಕ್ಕೆ 5 ತಾಸು ಉರಿಸಿದರೆ ತಿಂಗಳಿಗೆ ಏಳೂವರೆ ಯೂನಿಟ್ ಉಳಿತಾಯ. 2015ರಲ್ಲಿ ಶುರುವಾದ ಉಜಾಲಾ ಯೋಜನೆ ಮನೆಮನೆಗೆ ಎಲ್‌ಇಡಿ ಮುಟ್ಟಿಸಿದ್ದು ಇದಕ್ಕೇ. ನೆಟ್ಟು ಅದರ ಮೇಲಿನ ಒಗ್ಗರಣೆ ಅಷ್ಟೆ.

ನಾಳೆ ಯಾರಾದರೂ ಲೈ-ಫೈ ಮಾರಲು ಅಂಗಡಿಗೆ ಬಂದರೆ, ಪುರಸಭೆಯ ಮುಂದೆ ಟೆಂಡರ್ ಕಾಗದ ಹಿಡಿದು ನಿಂತರೆ, ಕೇಳಬೇಕಾದ್ದು ಒಂದೇ ಪ್ರಶ್ನೆ: ‘ಸ್ವಾಮಿ, ಈ ದೀಪ ನೆಟ್ಟಿಲ್ಲದಿದ್ದರೂ ಉರಿಯಬೇಕಿತ್ತೇ?’ ಹೌದಾದರೆ ಹಸಿರು. ಇಲ್ಲವಾದರೆ ದೀಪದ ಬುಡದ ಕತ್ತಲೆಗೆ ಹಸಿರು ಬಣ್ಣ ಬಳಿದಂತೆ.